ಮಂಡಿಪೇಟೆಯ ಬೋರ್ಡಿಲ್ಲದ ಪುಸ್ತಕದಂಗಡಿ, ಅಲ್ಲಿ ಕೊಂಡ ನಿಘಂಟು, ಮತ್ತು ‘ಪೇಟೆನ್ಸಿ’ ಅನ್ನುವ ಪದ

ತುಮಕೂರಿನಲ್ಲಿ ಹಳೆ ಪುಸ್ತಕ ಹುಡುಕುವವರಿಗಾಗಿ ಈ ಅಂಗಡಿಯ ಬಗ್ಗೆ ಬರೆಯಬೇಕು ಅಂತ ಎರಡು ತಿಂಗಳಿಂದ ಅಂದುಕೊಳ್ಳುತ್ತಿದ್ದೆ. ಹೆಸರು ಕೇಳಬೇಡಿ, ಅಂಗಡಿಗೆ ಬೋರ್ಡೇ ಇಲ್ಲ. ಮಂಡಿಪೇಟೆಯಲ್ಲಿ ಬೆಲ್ಲ, ಬೇಳೆ, ಹುಣಸೆಹಣ್ಣಿನ ಅಂಗಡಿಗಳ ಸಾಲು ಮುಗಿಯುವ ಕಡೆ ಒಂದು ಸಂದಿ ಬರುತ್ತದೆ, ಅದರೊಳಗೆ ಬ್ಯಾಗಿಗೆ ಜಿಪ್ ಹಾಕಿಕೊಡುವವರು ಕೂತಿರುತ್ತಾರೆ, ಅವರ ಪಕ್ಕದ ಶಟರ್. ಹತ್ತಡಿ ಅಗಲ ಇದ್ದರೆ ಜಾಸ್ತಿ. ಒಳಗೆ ನೆಲದಿಂದ ಸೂರಿನ ತನಕ ಪುಸ್ತಕ. ನಾನು ಅಲ್ಲಿಂದ 350 ರೂಪಾಯಿಗೆ ಒಂದು ದಪ್ಪ ಇಂಗ್ಲಿಷ್ ನಿಘಂಟು ತಂದೆ. ಈ ವರ್ಷ ನಮ್ಮ ಮನೆಗೆ ಬಂದ ವಸ್ತುಗಳಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ.

ಯಾಕೆ ತಂದೆ ಅಂತ ಹೇಳುತ್ತೇನೆ, ಅದನ್ನು ಹೇಳದೆ ಅಂಗಡಿಯ ಬೆಲೆ ಗೊತ್ತಾಗುವುದಿಲ್ಲ.

ನಮ್ಮಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಣಿಕಟ್ಟಿನ ಹತ್ತಿರ ಶುದ್ಧರಕ್ತದ ನಾಳ ಒಂದನ್ನು ಪಕ್ಕದ ಅಶುದ್ಧರಕ್ತದ ನಾಳಕ್ಕೆ ಸೇರಿಸಿ ಹೊಲಿಯುತ್ತಾರೆ, ಆಗ ರಕ್ತ ಜೋರಾಗಿ ನುಗ್ಗಿ ನುಗ್ಗಿ ಆ ಎರಡನೆಯ ನಾಳ ಕೆಲವು ವಾರಗಳಲ್ಲಿ ಹಿಗ್ಗಿ ಗಟ್ಟಿಯಾಗುತ್ತದೆ, ಆಮೇಲೆ ಅದಕ್ಕೆ ಡಯಾಲಿಸಿಸ್‌ನ ದಪ್ಪ ಸೂಜಿ ಚುಚ್ಚಬಹುದು. 1966ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬ್ರೆಸಿಯಾ, ಚಿಮಿನೋ ಮತ್ತು ಅವರ ಜೊತೆಯ ವೈದ್ಯರು ಈ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಅದೇ. ಆ ಕೈಯಲ್ಲಿ ಬಿ.ಪಿ. ನೋಡಬಾರದು, ರಕ್ತ ತೆಗೆಯಬಾರದು, ಭಾರ ಹೊರಬಾರದು. ಆ ನಾಳ ಮುಚ್ಚಿಕೊಂಡರೆ ಮತ್ತೆ ಆಪರೇಷನ್ನು, ಮತ್ತೆ ಕಾಯುವುದು.

ಎರಡು ತಿಂಗಳ ಹಿಂದೆ ಸೂಜಿ ಚುಚ್ಚುವಾಗ ಯಾಕೋ ಕಷ್ಟ ಆಯಿತು ಅಂತ, ನಾಳದೊಳಗೆ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಬರೆದುಕೊಟ್ಟರು. ಊರಿನ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಮಾಡಿಸಿದೆವು. ಶನಿವಾರ ಸಂಜೆ ರಿಪೋರ್ಟ್ ಕೈಗೆ ಕೊಟ್ಟರು, ಮಾತಾಡಲಿಲ್ಲ, ‘ಸೋಮವಾರ ಡಾಕ್ಟರಿಗೆ ತೋರಿಸಿ’ ಅಷ್ಟೇ. ಕೊನೆಯ ಸಾಲಿನಲ್ಲಿ ಫಿಸ್ಟುಲಾದ ‘ಪೇಟೆನ್ಸಿ’ ಉಳಿದಿದೆ ಅನ್ನುವ ಅರ್ಥದ ಒಂದು ಇಂಗ್ಲಿಷ್ ವಾಕ್ಯ. ಉಳಿದಿದೆ ಅನ್ನುವುದು ಗೊತ್ತಾಯಿತು. ಏನು ಉಳಿದಿದೆ ಅನ್ನುವುದು ಗೊತ್ತಾಗಲಿಲ್ಲ. ಫೋನಿನಲ್ಲಿ ಅನುವಾದ ಕೇಳಿದರೆ ‘ಹಕ್ಕುಪತ್ರ’ ಅಂತ ಬಂತು.

ಅಮ್ಮ ಕೇಳಿದರು: ‘ಹಕ್ಕುಪತ್ರ ಅಂದ್ರೆ ಜಮೀನಿಂದಲ್ವೇನೇ? ಕೈಗೆ ಯಾಕೆ ಬರ್ದವ್ರೆ? ಒಳ್ಳೇದಾ, ಕೆಟ್ಟದ್ದಾ?’

ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ರಾತ್ರಿ ಅಮ್ಮ ನಾಲ್ಕು ಸಲ ಎದ್ದು ತಮ್ಮ ಕೈ ಮುಟ್ಟಿ ನೋಡಿಕೊಂಡರು. ಒಂದು ಪದ ಗೊತ್ತಿಲ್ಲದೆ ಇರುವುದಕ್ಕೆ ನಿದ್ದೆ ಕೆಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೂವು, ತರಕಾರಿ ಅಂತ ಹೊರಟವಳು ಈ ಸಂದಿಗೆ ಹೋದೆ. ಮುಂಚೆ ಒಂದೆರಡು ಸಲ ಮಗನ ಶಾಲೆಯ ಗೈಡ್ ತರಲು ಹೋಗಿದ್ದೆ ಅಷ್ಟೇ. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ‘ಏನ್ ಬೇಕಮ್ಮ?’ ಅಂದರು. ದೊಡ್ಡ ನಿಘಂಟು, ಪದ ಎಲ್ಲಿಂದ ಬಂತು ಅಂತಲೂ ಬರೆದಿರುವಂಥದ್ದು ಅಂದೆ. ಸ್ಟೂಲ್ ಹತ್ತಿ ಮೂರು ಇಳಿಸಿ, ಟೇಬಲ್ ಒರೆಸಿ, ‘ಕೂತ್ಕೊಂಡು ನೋಡಮ್ಮ, ಬೇಕಾದ ಪದ ಇದ್ರೆ ಮಾತ್ರ ತಗೋ’ ಅಂದರು. ಇದು ನನಗೆ ತುಂಬಾ ಹಿಡಿಸಿತು. ಇದೇ ಊರಿನ ಇನ್ನೊಂದು ದೊಡ್ಡ ಪುಸ್ತಕದಂಗಡಿಯಲ್ಲಿ ನಿಘಂಟುಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿಟ್ಟಿದ್ದಾರೆ, ಬಿಚ್ಚಿ ನೋಡಬೇಕು ಅಂದರೆ ‘ತಗೊಂಡ್ಮೇಲೆ ಬಿಚ್ಚಿ ಮೇಡಂ’ ಅನ್ನುತ್ತಾರೆ. ನಿಘಂಟನ್ನು ಬಿಚ್ಚಿ ನೋಡದೆ ಹೇಗೆ ಕೊಳ್ಳುವುದು?

ನಾನು ತಂದಿರುವ ಪ್ರತಿಗೆ ಮುಂದಿನ ಕೆಲವು ಹಾಳೆ ಇಲ್ಲ. ಹಳೆಯ ರಟ್ಟು ಹೋಗಿ ಯಾರೋ ಕಪ್ಪು ಬಟ್ಟೆಯ ಬೈಂಡ್ ಮಾಡಿಸಿದ್ದಾರೆ. ಯಾರು ಮಾಡಿದ ನಿಘಂಟು, ಯಾವ ವರ್ಷದ್ದು, ಏನೂ ತಿಳಿಯದು. ಆದರೆ ‘ಎ’ಯಿಂದ ‘ಝಡ್’ ತನಕ ಒಂದು ಹಾಳೆಯೂ ತಪ್ಪಿಲ್ಲ, ಯಜಮಾನರೇ ಮೊದಲು ಅದನ್ನು ತೋರಿಸಿದರು, ಏನು ಇಲ್ಲ ಏನು ಇದೆ ಅಂತ ಎರಡನ್ನೂ. ಅಕ್ಷರ ಸಣ್ಣದು, ನನಗೆ ಕನ್ನಡಕ ಬೇಕೇ ಬೇಕು. ಕಾಗದ ತೆಳು, ಹಿಂದಿನ ಪುಟದ ಅಚ್ಚು ಸ್ವಲ್ಪ ಕಾಣುತ್ತದೆ. ಬೈಂಡಿಂಗ್ ಮಾತ್ರ ಚೆನ್ನಾಗಿದೆ. ಯಾವ ಪುಟ ತೆಗೆದರೂ ಪುಸ್ತಕ ಮೇಜಿನ ಮೇಲೆ ಅಗಲವಾಗಿ ಮಲಗುತ್ತದೆ, ಕೈಯಲ್ಲಿ ಒತ್ತಿ ಹಿಡಿಯಬೇಕಿಲ್ಲ.

‘ಪೇಟೆನ್ಸಿ’ ತೆಗೆದೆ. ಅರ್ಥ ಒಂದೇ ಸಾಲು: ತೆರೆದಿರುವಿಕೆ. ಮುಚ್ಚಿಕೊಳ್ಳದೆ, ಕಟ್ಟಿಕೊಳ್ಳದೆ ಇರುವುದು.

ಅಲ್ಲೇ ಸ್ಟೂಲ್ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ‘ಒಳ್ಳೇದೇ ಅಮ್ಮ. ನಾಳ ತೆರ್ದಿದೆ ಅಂತ ಬರ್ದಿದ್ದಾರೆ.’ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅದನ್ನ ಹೇಳೋಕೇನಾಗಿತ್ತು ಅವ್ರಿಗೆ’ ಅಂದರು.

ಇನ್ನು ನಿಘಂಟಿನ ಬಗ್ಗೆ. ಫೋನ್ ಯಾಕೆ ಹಕ್ಕುಪತ್ರ ಅಂದಿತು ಅನ್ನುವುದು ನನಗೆ ಬಿಡಿಸಲೇಬೇಕಾಗಿತ್ತು. ಪದದ ಕೆಳಗೇ ಮೂಲ ಕೊಟ್ಟಿದ್ದಾರೆ. ಲ್ಯಾಟಿನ್ನಿನ ‘ಪಾತೇರೆ’ ಅನ್ನುವ ಕ್ರಿಯಾಪದ, ಅಂದರೆ ತೆರೆದುಕೊಂಡಿರು, ಎಲ್ಲರಿಗೂ ಕಾಣುವಂತೆ ಬಿದ್ದಿರು. ಅದರಿಂದ ‘ಪಾತೆನ್ಸ್’, ತೆರೆದಿರುವ. ಅದರಿಂದ ಇಂಗ್ಲಿಷಿನ ‘ಪೇಟೆಂಟ್’, ‘ಪೇಟೆನ್ಸಿ’. ನಾವು ಇಷ್ಟು ದಿನ ಪೇಟೆಂಟ್ ಅಂದರೆ ‘ಇದು ನನ್ನದು, ಯಾರೂ ಮುಟ್ಟಬೇಡಿ’ ಅಂತ ಅಂದುಕೊಂಡಿದ್ದೇವೆ ಅಲ್ವಾ? ಅದು ಅವನ ಪೇಟೆಂಟ್ ಡೈಲಾಗ್ ಅನ್ನುತ್ತೇವೆ. ಆದರೆ ಪದದ ಹುಟ್ಟು ನೋಡಿದರೆ ಪೂರ್ತಿ ಉಲ್ಟಾ. ಮುಚ್ಚಿಡುವುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಇಂಗ್ಲೆಂಡಿನ ರಾಜರು ಎರಡು ಥರದ ಪತ್ರ ಬರೆಸುತ್ತಿದ್ದರಂತೆ. ಒಂದು ಮಡಚಿ, ಮೇಲೆ ಮೇಣದ ಮುದ್ರೆ ಒತ್ತಿದ್ದು, ಮುದ್ರೆ ಒಡೆಯದೆ ಓದಲು ಆಗದು. ಅದು ಮುಚ್ಚಿದ ಪತ್ರ. ಇನ್ನೊಂದು ಬಿಚ್ಚಿದ ಪತ್ರ. ಅದಕ್ಕೂ ಮುದ್ರೆ ಇದೆ, ಆದರೆ ಕೆಳಗೆ ನೇತಾಡುತ್ತಿರುತ್ತದೆ, ಪತ್ರವನ್ನು ಯಾರು ಬೇಕಾದರೂ ಓದಬಹುದು, ‘ಈ ಪತ್ರ ಯಾರ ಮುಂದೆ ಬಂದರೂ ಅವರೆಲ್ಲರಿಗೆ’ ಅಂತಲೇ ಬರೆದಿರುತ್ತದೆ. ಇದೇ ‘ಲೆಟರ್ಸ್ ಪೇಟೆಂಟ್’. 1201ರಿಂದ ಇವುಗಳ ನಕಲನ್ನು ಉದ್ದನೆಯ ಚರ್ಮದ ಸುರುಳಿಗಳಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಯಾರಿಗೋ ಜಮೀನು ಕೊಟ್ಟಿದ್ದು, ಪದವಿ ಕೊಟ್ಟಿದ್ದು, ಹಕ್ಕು ಕೊಟ್ಟಿದ್ದು ಎಲ್ಲ ಇದರಲ್ಲೇ. ಹಾಗಾಗಿ ಫೋನ್ ಹೇಳಿದ ಹಕ್ಕುಪತ್ರ ಪೂರ್ತಿ ಸುಳ್ಳಲ್ಲ. ಅದು ಪದದ ಮಗನನ್ನು ತೋರಿಸಿತು, ನನಗೆ ಬೇಕಾಗಿದ್ದದ್ದು ಪದದ ತಾಯಿ.

ಇದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು, ‘ವಕೀಲ್ರು ಲೆಟರ್ಸ್ ಪೇಟೆಂಟ್ ಅಪೀಲು ಅಂತಾರಲ್ಲಮ್ಮ, ಅದೇನಾ ಇದು?’ ಅಂದರು. ಹೌದು, ಅದೇ. ಕಲ್ಕತ್ತಾ, ಬಾಂಬೆ, ಮದ್ರಾಸ್ ಹೈಕೋರ್ಟುಗಳು 1862ರಲ್ಲಿ ಶುರುವಾದದ್ದು ಇಂಥ ಬಿಚ್ಚಿದ ಪತ್ರಗಳಿಂದಲೇ, ಆ ಹೆಸರಿನ ಅಪೀಲು ಇವತ್ತಿಗೂ ಕೆಲವು ಹೈಕೋರ್ಟುಗಳಲ್ಲಿದೆ. ಅಂಗಡಿಯ ಎಡಗಡೆ ಗೋಡೆಯೆಲ್ಲ ಹಳೆಯ ಕಾನೂನು ಪುಸ್ತಕ, ಅದಕ್ಕೇ ಅವರಿಗೆ ಆ ಮಾತು ಗೊತ್ತು.

ನನಗೆ ಹೊಳೆದದ್ದು ಇನ್ನೊಂದು. ನಮ್ಮ ಕಡೆ ಊರ ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ ನಿಂತಿರುವ ಶಾಸನದ ಕಲ್ಲುಗಳೂ ಇದೇ ಅಲ್ವಾ? ಇಂಥವರಿಗೆ ಇಷ್ಟು ಭೂಮಿ ಕೊಟ್ಟಿದೆ, ಎಲ್ಲೆ ಇಂಥದ್ದು, ತಪ್ಪಿದವರಿಗೆ ಇಂಥ ಪಾಪ ಅಂತ, ಮಳೆ ಬಿಸಿಲಿನಲ್ಲಿ ಎಲ್ಲರ ಕಣ್ಣೆದುರಿಗೆ. ಮೈಸೂರು ಸಂಸ್ಥಾನದಲ್ಲಿ ಶಾಸನಗಳನ್ನು ಹುಡುಕಿ ಓದಿಸಿದ ಬಿ.ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನು ಸೇರಿಸಿ 1904ರಲ್ಲಿ ಒಂದು ಸಂಪುಟ ತಂದರು. ಮುಚ್ಚಿಡಲು ಆಗದ ಪತ್ರ ಬೇಕು ಅಂದರೆ ಕಲ್ಲಿಗಿಂತ ಒಳ್ಳೆಯದು ಯಾವುದಿದೆ. ಲ್ಯಾಟಿನ್ ಪದದ ಅರ್ಥ ನನ್ನ ಮನಸ್ಸಿಗೆ ಕೂತದ್ದು ಆ ಕಲ್ಲು ನೆನಪಾದಾಗ.

ಆವಿಷ್ಕಾರಕ್ಕೆ ಕೊಡುವ ಪೇಟೆಂಟ್ ಆಮೇಲಿನದು. 1449ರಲ್ಲಿ ಆರನೇ ಹೆನ್ರಿ, ಫ್ಲಾಂಡರ್ಸ್ ಕಡೆಯಿಂದ ಬಂದ ಜಾನ್ ಅನ್ನುವ ಕುಶಲಕರ್ಮಿಗೆ ಬಣ್ಣದ ಗಾಜು ಮಾಡುವ ವಿದ್ಯೆಗಾಗಿ 20 ವರ್ಷದ ಹಕ್ಕು ಕೊಟ್ಟದ್ದು ಇಂಗ್ಲೆಂಡಿನಲ್ಲಿ ತಿಳಿದಿರುವ ಮೊದಲನೆಯದು. ನಮ್ಮ ದೇಶದಲ್ಲಿ ಇದಕ್ಕೆ ಕಾಯ್ದೆ ಬಂದದ್ದು 1856ರಲ್ಲಿ. ಅದೇ ವರ್ಷ ಕಲ್ಕತ್ತಾದಲ್ಲಿ ಜಾರ್ಜ್ ಆಲ್ಫ್ರೆಡ್ ಡಿ ಪೆನ್ನಿಂಗ್ ಅನ್ನುವವರು ಪಂಖಾ ಎಳೆಯುವ ಯಂತ್ರಕ್ಕೆ ಮೊದಲ ಅರ್ಜಿ ಹಾಕಿದರು. ಈಗಲೂ ಲೆಕ್ಕ ಅದೇ: ನಿನ್ನ ವಿದ್ಯೆಯನ್ನು ಬೇರೆಯವರು ಓದಿ ಮಾಡಬಲ್ಲ ಹಾಗೆ ಪೂರ್ತಿ ಬರೆದುಕೊಡು, ನಾವು ಅದನ್ನು ಪ್ರಕಟಿಸುತ್ತೇವೆ, ಅದಕ್ಕೆ ಬದಲಾಗಿ 20 ವರ್ಷ ಹಕ್ಕು ನಿನ್ನದು. ಅಂದರೆ ತೆರೆದಿಟ್ಟಿದ್ದಕ್ಕೆ ಸಿಗುವ ಕೂಲಿ ಆ ಹಕ್ಕು. ಗುಟ್ಟಾಗಿ ಇಟ್ಟುಕೊಂಡವರಿಗೆ ಪೇಟೆಂಟ್ ಇಲ್ಲ.

ಮಿರಿಮಿರಿ ಹೊಳೆಯುವ ಕಪ್ಪು ಶೂ ಚರ್ಮಕ್ಕೂ ಇದೇ ಪದ ಅಂಟಿಕೊಂಡಿದೆ, ಆ ಹೊಳಪು ಕೊಡುವ ವಿಧಾನಕ್ಕೆ ಪೇಟೆಂಟ್ ಇದ್ದ ಕಾರಣ. ಗಿಡಗಳ ಶಾಸ್ತ್ರದಲ್ಲಿ ಎಲೆ ಅಥವಾ ಕೊಂಬೆ ಅಗಲವಾಗಿ ಚಾಚಿಕೊಂಡಿದ್ದರೂ ಪೇಟೆಂಟ್. ಕಣ್ಣಿಗೆ ರಾಚುವಂಥ ಸುಳ್ಳಿಗೂ ಇದೇ ವಿಶೇಷಣ. ಇಷ್ಟೂ ಒಂದೇ ಕಾಲಮ್ಮಿನಲ್ಲಿವೆ.

ವೈದ್ಯರ ಅರ್ಥದಲ್ಲಿ ನಾನು ಜಾಸ್ತಿ ಹೊತ್ತು ನಿಂತೆ. ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ, ಶ್ವಾಸಕೋಶಕ್ಕೆ ಹೆಚ್ಚು ರಕ್ತ ಬೇಕಿಲ್ಲ, ಅದಕ್ಕೇ ಹೃದಯದ ಹತ್ತಿರ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಅಡ್ಡದಾರಿ ಇರುತ್ತದೆ. ಹುಟ್ಟಿ ಎರಡು ಮೂರು ದಿನದಲ್ಲಿ ಅದು ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಅದಕ್ಕೆ ‘ಪೇಟೆಂಟ್ ಡಕ್ಟಸ್’ ಅನ್ನುತ್ತಾರೆ, ಕೆಲವು ಮಕ್ಕಳಿಗೆ ಅದಕ್ಕಾಗಿ ಔಷಧಿಯೋ ಆಪರೇಷನ್ನೋ ಬೇಕಾಗುತ್ತದೆ. ಹೃದಯದ ಮೇಲಿನ ಎರಡು ಕೋಣೆಗಳ ಮಧ್ಯದ ಗೋಡೆಯಲ್ಲೂ ಇಂಥದ್ದೇ ಒಂದು ಕಿಂಡಿ, ಅದು ನಾಲ್ಕು ಜನದಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ, ಬಹಳ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ. ಹೀಗೆ ಒಂದೇ ಪದ ಮಗುವಿನ ರಿಪೋರ್ಟಿನಲ್ಲಿ ಬಂದರೆ ಚಿಂತೆ, ನಮ್ಮಮ್ಮನ ರಿಪೋರ್ಟಿನಲ್ಲಿ ಬಂದರೆ ಸಮಾಧಾನ. ‘ಒಳ್ಳೇದಾ ಕೆಟ್ಟದ್ದಾ’ ಅಂತ ಅಮ್ಮ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಯಾವುದು ತೆರೆದಿದೆ ಅನ್ನುವುದನ್ನು ನೋಡದೆ ಅದಕ್ಕೆ ಉತ್ತರವಿಲ್ಲ, ರಿಪೋರ್ಟ್ ಕೊಡುವವರು ಅದನ್ನು ಒಂದು ಮಾತಿನಲ್ಲಿ ಹೇಳಬೇಕಿತ್ತು.

ಸೋಮವಾರ ಡಯಾಲಿಸಿಸ್‌ನ ಸಿಸ್ಟರ್ ಹೇಳಿಕೊಟ್ಟದ್ದನ್ನೂ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ಫಿಸ್ಟುಲಾ ಮೇಲೆ ಬೆರಳಿಟ್ಟರೆ ಜೇನ್ನೊಣ ಕೈಯೊಳಗೆ ಇದ್ದ ಹಾಗೆ ಗುಂಯ್ ಅಂತ ಅದುರುತ್ತದೆ. ಅದಕ್ಕೆ ಅವರು ಥ್ರಿಲ್ ಅನ್ನುತ್ತಾರೆ. ದಿನಾ ನೋಡಿಕೊಳ್ಳಬೇಕು. ಅದುರು ನಿಂತಿತು ಅಂದರೆ ಕಾಯುವ ಹಾಗಿಲ್ಲ, ತಕ್ಷಣ ಹೋಗಬೇಕು. ನಮ್ಮಮ್ಮ ಆ ರಾತ್ರಿ ನಾಲ್ಕು ಸಲ ಎದ್ದು ಮುಟ್ಟಿ ನೋಡಿದ್ದು ಇದನ್ನೇ. ಪದ ಗೊತ್ತಿಲ್ಲದಿದ್ದರೂ ಪೇಟೆನ್ಸಿ ಅವರ ಬೆರಳಿಗೆ ಗೊತ್ತಿತ್ತು.

ನಿಘಂಟಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೂಲದ ಮೂಲ. ‘ಪಾತೇರೆ’ಗೂ ಹಿಂದೆ, ಯುರೋಪಿನ ಹಲವು ಭಾಷೆಗಳಿಗೆ ಸೇರಿದ ಒಂದು ಹಳೆಯ ಧಾತು ಇದೆಯಂತೆ, ಅರ್ಥ ಚಾಚು, ಹರಡು. ಗ್ರೀಕಿನಿಂದ ಬಂದ ‘ಪೆಟಲ್’, ಅಂದರೆ ಹೂವಿನ ದಳ, ಆ ಮನೆಯದೇ. ಸಮುದ್ರದ ಆಳ ಅಳೆಯುವ ‘ಫ್ಯಾದಮ್’ ಕೂಡ ಆ ಮನೆಯದೇ. ಫ್ಯಾದಮ್ ಅಂದರೆ ಎರಡೂ ಕೈ ಅಗಲಕ್ಕೆ ಚಾಚಿದರೆ ಆಗುವ ಉದ್ದ, ಆರಡಿ. ಓದಿದ ಕೂಡಲೇ ನಕ್ಕುಬಿಟ್ಟೆ. ಅದು ನಮ್ಮ ಮಾರು! ‘ಒಂದು ಮಾರು ಹೂ ಕೊಡಿ’ ಅಂತ ಆಗ ತಾನೇ ಮಾರ್ಕೆಟ್‌ನಲ್ಲಿ ಕೇಳಿ ಬಂದಿದ್ದೆ, ಸೇವಂತಿಗೆ ಕವರ್ ಕಾಲ ಬಳಿಯೇ ಇತ್ತು. ನಮ್ಮಮ್ಮ ಇಪ್ಪತ್ತು ವರ್ಷ ಹೂ ಕಟ್ಟಿ ಮಾರಿದವರು, ಕೈ ಚಾಚಿ ಮಾರು ಹಾಕಿದವರು, ಅದೇ ಎಡಗೈ ಇದು. ಭಾಷೆಗೂ ಭಾಷೆಗೂ ಸಂಬಂಧ ಇಲ್ಲ, ಮಾರು ಬೇರೆ, ಫ್ಯಾದಮ್ ಬೇರೆ. ಆದರೂ ಎರಡು ಕಡೆಯ ಜನ ಅಳತೆಗೆ ಚಾಚಿದ್ದು ಅದೇ ಕೈಯನ್ನು.

ಆಮೇಲೆ ಕನ್ನಡದಲ್ಲಿ ಇದಕ್ಕೆ ಏನು ಅನ್ನಬಹುದು ಅಂತ ಯೋಚಿಸಿದೆ. ಮುಕ್ತತೆ ಅಂದರೆ ಭಾಷಣದ ಮಾತಾಗುತ್ತದೆ. ಎಲ್ಲರಿಗೂ ಕಾಣುವ ಹಾಗಿರುವುದು ಅನ್ನುವ ಅರ್ಥಕ್ಕೆ ಬಯಲು ಅನ್ನುವುದೇ ಸರಿ ಅಂತ ನನಗೆ ಅನ್ನಿಸುತ್ತದೆ. ಬಯಲು ಅಂದರೆ ತೆರೆದ ಜಾಗ, ನಮ್ಮದೇ ಬಯಲುಸೀಮೆ. ಗುಟ್ಟು ಗೊತ್ತಾದರೆ ‘ಬಯಲಾಯಿತು’ ಅನ್ನುತ್ತೇವೆ. ಜಾಗ ತೆರೆದಿರುವುದು, ಸತ್ಯ ಕಾಣುವುದು, ಎರಡಕ್ಕೂ ಒಂದೇ ಪದ. ಲ್ಯಾಟಿನ್ನಿನವರು ಪಾತೇರೆಯಿಂದ ಮಾಡಿದ್ದೂ ಇದನ್ನೇ. ಆದರೆ ನಾಳಕ್ಕೆ ಬಯಲು ಹೊಂದುವುದಿಲ್ಲ. ಅದಕ್ಕೆ ಪದ ಕೊಟ್ಟವರು ಅಮ್ಮನೇ. ಎಲ್ಲ ವಿವರಿಸಿದ ಮೇಲೆ, ‘ತೂಬು ಕಟ್ಕೊಂಡಿಲ್ಲ, ನೀರು ಬಿಟ್ಟೈತೆ ಅಂತಾನಾ?’ ಅಂದರು. ಕೆರೆ ಕೆಳಗೆ ಗದ್ದೆ ಮಾಡಿದವರ ಮಗಳು. ಹೂಳು ತುಂಬಿ ತೂಬು ಕಟ್ಟಿಕೊಂಡರೆ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಘಂಟಿನ ಆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ತೂಬು ತೆರೆದಿದೆ’ ಅಂತ ಬರೆದಿದ್ದೇನೆ.

ಅಂಗಡಿಗೆ ವಾಪಸ್ ಬರೋಣ. ಪ್ರತಿ ಪುಸ್ತಕದ ಒಳಗೆ ಬೆಲೆ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ. ಮುಖ ನೋಡಿ ರೇಟು ಹೇಳುವುದಿಲ್ಲ. ನಾನು ಅಳುಮುಖ ಹಾಕಿಕೊಂಡು ಹೋಗಿದ್ದೆ, ಜಾಸ್ತಿ ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ. 350 ಬರೆದಿತ್ತು, 350 ತೆಗೆದುಕೊಂಡರು. ಓದಿ ಚೆನ್ನಾಗಿ ಇಟ್ಟುಕೊಂಡು ಮರಳಿ ತಂದರೆ ಅರ್ಧ ಬೆಲೆ ಕೊಡುತ್ತಾರೆ, ನಾನು ಮಗನ ಗೈಡ್ ಕೊಟ್ಟು ಪಡೆದಿದ್ದೇನೆ. ಫೋನಿನಲ್ಲಿ ದುಡ್ಡು ಹಾಕಬಹುದು.

ಕೊರತೆಗಳೂ ಇವೆ. ಧೂಳು ತುಂಬಾ, ಅಸ್ತಮಾ ಇರುವವರು ಮಾಸ್ಕ್ ಹಾಕಿಕೊಂಡು ಹೋಗಿ. ಪುಸ್ತಕ ಜೋಡಿಸಿರುವುದರಲ್ಲಿ ಕ್ರಮ ಅನ್ನುವುದು ಯಜಮಾನರ ತಲೆಯಲ್ಲಿ ಮಾತ್ರ ಇದೆ, ಅವರು ಊಟಕ್ಕೆ ಹೋದಾಗ ಕೂರುವ ಹುಡುಗನಿಗೆ ಏನೂ ಗೊತ್ತಾಗುವುದಿಲ್ಲ. ಒಂದೇ ಟ್ಯೂಬ್‌ಲೈಟು, ಸಂಜೆ ಐದರ ಮೇಲೆ ಸಣ್ಣ ಅಕ್ಷರ ಓದುವುದು ಕಷ್ಟ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಇರುವ ಒಳ್ಳೆಯ ನಿಘಂಟು ನಾನು ಕೇಳಿದ ಎರಡು ಸಲವೂ ಇರಲಿಲ್ಲ. ಬಂದ ದಿನವೇ ಹೋಗಿಬಿಡುತ್ತವಂತೆ. ಬಂದರೆ ಎತ್ತಿಡಿ ಅಂತ ನನ್ನ ನಂಬರ್ ಕೊಟ್ಟು ಬಂದಿದ್ದೇನೆ. ಮನೆಯಲ್ಲಿ ಸುಮ್ನೆ ಧೂಳು ಹಿಡಿಯುತ್ತಿರುವ ಅಂಥ ನಿಘಂಟು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಅಲ್ಲಿಗೆ ಕೊಡಿ. ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತುತ್ತಾರೆ, ಭಾನುವಾರವೂ.